ಬಸುರಿಗೆ ರನ್ನಿಂಗ್ ರೂಮಿನ ಊಟ

ಈಗಲೂ ಯಾರಾದರೂ ಎದುರು ನಿಂತು ಬಡಿಸಿದರೆ ನಾನು ಬೆನ್ನು ನೆಟ್ಟಗೆ ಮಾಡಿಕೊಂಡು, ತುತ್ತು ದೊಡ್ಡದಾಗಿ ಮುರಿದು, ತಲೆ ಎತ್ತದೆ ಉಣ್ಣುತ್ತೇನೆ. ನಮ್ಮವರು ನಗುತ್ತಾರೆ. ಹೈದರಾಬಾದಿನ ಮಲ್ಕಾಜ್‌ಗಿರಿಯಲ್ಲಿ ನಾವು ಬಾಡಿಗೆಗಿದ್ದ ಮನೆಯ ಮಾಲೀಕರು ಇಪ್ಪತ್ತು ವರ್ಷದ ಹಿಂದೆ ಕಲಿಸಿದ ಶಿಸ್ತು ಅದು. ಕಳೆದ ತಿಂಗಳು ಅವರು ತೀರಿಕೊಂಡರು. ಅವರ ಹೆಂಡತಿ ಫೋನ್ ಮಾಡಿ ಸುದ್ದಿ ಹೇಳಿದರು, ಅತ್ತರು, ಅಳು ನಿಂತ ಮೇಲೆ "ಅದಿರ್ಲಿ, ನೀ ಉಂಡಿ?" ಎಂದು ಕೇಳಿದರು. ನಾನು ಉಂಡಿರಲಿಲ್ಲ. ಉಂಡೆ ಎಂದು ಸುಳ್ಳು ಹೇಳಿದೆ. ಅವರ ಯಜಮಾನರು ಇದ್ದಿದ್ದರೆ ಆ ಸುಳ್ಳು ನಡೆಯುತ್ತಿರಲಿಲ್ಲ.

ಅವರನ್ನು ನಾವು ಕಾಕಾ ಅನ್ನುತ್ತಿದ್ದೆವು, ಅವರ ಹೆಂಡತಿಯನ್ನು ಕಾಕು. ರಾಯಚೂರು ಕಡೆಯವರು. ಕಾಕಾ ಮೂವತ್ತು ವರ್ಷ ರೈಲ್ವೆಯಲ್ಲಿದ್ದು ನಿವೃತ್ತರಾಗಿದ್ದರು, ಆದರೆ ರೈಲಿಗೂ ಅವರಿಗೂ ಇದ್ದ ಸಂಬಂಧ ಒಲೆಯ ಮೂಲಕ ಮಾತ್ರ. ಅವರು ರನ್ನಿಂಗ್ ರೂಮಿನ ಅಡಿಗೆಯವರು. ದೂರದಿಂದ ಗಾಡಿ ತಂದ ಡ್ರೈವರು, ಗಾರ್ಡುಗಳು ಮತ್ತೆ ಗಾಡಿ ಹಿಡಿಯುವವರೆಗೆ ಉಂಡು ಮಲಗಿ ಏಳುವ ಮನೆಗೆ ರನ್ನಿಂಗ್ ರೂಮ್ ಅನ್ನುತ್ತಾರೆ. ಬಂದವರು ತಮ್ಮ ತಮ್ಮ ಅಕ್ಕಿ, ಬೇಳೆ, ಹಿಟ್ಟು ಚೀಲದಲ್ಲಿ ತಂದು ಇವರ ಕೈಗೆ ಕೊಡುತ್ತಿದ್ದರಂತೆ. ಯಾವ ಚೀಲ ಯಾರದು, ಯಾರಿಗೆ ಖಾರ ಆಗದು, ಯಾರು ಹೆಂಡತಿಯ ಜೊತೆ ಜಗಳಾಡಿ ಬಂದು ಉಪವಾಸ ಮಲಗುವವರು, ಎಲ್ಲ ಇವರ ತಲೆಯಲ್ಲಿತ್ತು.

ಕುಳ್ಳಗೆ, ಗಟ್ಟಿಯಾಗಿದ್ದರು. ಹೆಗಲ ಮೇಲೆ ಸದಾ ಒಂದು ಟವೆಲ್. ಮಲಗಿದ ಡ್ರೈವರುಗಳ ನಿದ್ದೆ ಕೆಡಬಾರದೆಂದು ಮೂವತ್ತು ವರ್ಷ ಪಿಸುಮಾತಿನಲ್ಲೇ ಬದುಕಿ ಅವರ ದನಿ ಅಷ್ಟಕ್ಕೇ ನಿಂತುಬಿಟ್ಟಿತ್ತು. ಬೈದರೂ ಗುಟ್ಟು ಹೇಳಿದ ಹಾಗೆ ಕೇಳುತ್ತಿತ್ತು. ಕಬ್ಬಿಣದ ಹಂಚನ್ನು ಒಲೆಯ ಮೇಲೆ ಸದ್ದಿಲ್ಲದೆ ಇಡುತ್ತಿದ್ದ ಮನುಷ್ಯನನ್ನು ನಾನು ಬೇರೆ ಕಂಡಿಲ್ಲ. ಅವರ ಪಾಲಿಗೆ ಜಗತ್ತಿನಲ್ಲಿ ಎರಡೇ ಬಗೆಯ ಜನ: ಡ್ಯೂಟಿಗೆ ಹೊರಟವರು, ಡ್ಯೂಟಿ ಮುಗಿಸಿ ಬಂದವರು. ಇಬ್ಬರಿಗೂ ಊಟ ಬೇರೆ. ಮೂರನೆಯ ಬಗೆ ಇದೆ ಎಂದು ಅವರಿಗೆ ಯಾರೂ ಹೇಳಿರಲಿಲ್ಲ.

ಊರಿಗೆ ಊರೇ ಕಂಪ್ಯೂಟರ್ ಹಿಡಿದು ಕೂತ ಕಾಲ ಅದು. ಅಮೀರ್‌ಪೇಟೆಯ ಒಂದು ಗೋಡೆಯೂ ಕೋರ್ಸಿನ ಬೋರ್ಡಿಲ್ಲದೆ ಇರಲಿಲ್ಲ. ನನ್ನ ಆಫೀಸು ಗಚ್ಚಿಬೌಲಿಯಲ್ಲಿ, ಅಂದರೆ ಊರಿನ ಇನ್ನೊಂದು ತುದಿಯಲ್ಲಿ. ಬೆಳಿಗ್ಗೆ ಏಳಕ್ಕೆ ಕಂಪನಿ ಬಸ್ಸು, ಸಂಜೆ ಇಳಿಯುವಾಗ ಎಂಟು. ನಮ್ಮವರು ಬ್ಯಾಂಕಿನಲ್ಲಿದ್ದರು. ಬಾಗಲಕೋಟೆಯಿಂದ ಬಂದ ನಮಗೆ ಕೆಳಗಿನ ಮನೆಯಿಂದ ರೊಟ್ಟಿ ಬಡಿಯುವ ಸದ್ದು ಕೇಳಿಸಿದ್ದೇ ಈ ಮನೆ ಹಿಡಿಯಲು ಕಾರಣ. ಆಮೇಲೆ ಗೊತ್ತಾಯಿತು, ಬಡಿಯುವವರು ಕಾಕು. ಕಾಕಾ ಬಡಿದರೆ ಸದ್ದೇ ಆಗುವುದಿಲ್ಲ.

ಆ ಮನೆಗೆ ಬಂದ ವರ್ಷ ನನಗೆ ನಾಲ್ಕು ತಿಂಗಳಿಗೆ ಗರ್ಭ ಹೋಯಿತು. ಯಾರಿಗೂ ಹೇಳಿರಲಿಲ್ಲ, ಹೋದ ಮೇಲಂತೂ ಹೇಳುವುದೇನಿತ್ತು. ಮರುವರ್ಷ ಮತ್ತೆ ಬಸುರಾದೆ. ಐದನೆಯ ತಿಂಗಳಾದರೂ ವಾಂತಿ ನಿಲ್ಲಲಿಲ್ಲ. ಅತ್ತಿಗೆಯ ಬಾಣಂತನ ನಡೆದಿದ್ದರಿಂದ ಅವ್ವ ಬರುವ ಹಾಗಿರಲಿಲ್ಲ. ಡಾಕ್ಟರಮ್ಮ ರಕ್ತ ಪರೀಕ್ಷೆಯ ಚೀಟಿ ನೋಡಿ ಕನ್ನಡಕ ತೆಗೆದಿಟ್ಟರು. ರಕ್ತದ ಅಂಶ ಎಂಟರ ಹತ್ತಿರ ಇಳಿದಿದೆ, ಮಗು ಇರಬೇಕಾದಷ್ಟು ಬೆಳೆದಿಲ್ಲ, ಕಬ್ಬಿಣದ ಮಾತ್ರೆ ತಗೋ, ಚೆನ್ನಾಗಿ ತಿನ್ನು, ಐದು ವಾರ ನೋಡೋಣ, ಏರದಿದ್ದರೆ ಆಸ್ಪತ್ರೆಗೆ ಸೇರಿಸಿ ರಕ್ತ ಕೊಡಬೇಕಾದೀತು ಎಂದರು. ನನಗೆ ಕೇಳಿಸಿದ್ದು ಇಷ್ಟೇ: ಇದೂ ಹೋಗಬಹುದು.

ಚೀಟಿ ಹಿಡಿದು ಮನೆಗೆ ಬಂದು ಮೆಟ್ಟಿಲು ಹತ್ತುವಾಗ ನಡುವೆ ಕೂತುಬಿಟ್ಟೆ. ಕಾಕಾ ಕೆಳಗಿನ ಬಾಗಿಲಲ್ಲಿ ನಿಂತು ನೋಡುತ್ತಿದ್ದರು.

"ತಂಗಿ, ಒಂದು ವಾರದಿಂದ ನೋಡಾಕತ್ತೀನಿ. ಹನ್ನೆರಡು ಮೆಟ್ಟಲಕ್ಕ ನಾಕು ಕಡೆ ನಿಂದರ್ತಿ. ಹೊಟ್ಟ್ಯಾಗ ಏನೈತಿ?"

"ಕೂಸೈತ್ರಿ ಕಾಕಾ."

"ಅದು ಗೊತ್ತೈತಿ. ಅದರ ಸಂಗಾಟ ಏನೈತಿ?"

ಎರಡು ಬಿಸ್ಕೀಟು, ಒಂದು ಕಾಫಿ ಎಂದೆ. ಅವರು ಮತ್ತೇನೂ ಕೇಳದೆ ಒಳಗೆ ಹೋದರು. ಸ್ವಲ್ಪ ಹೊತ್ತಿನಲ್ಲಿ ನಾನು ಅವರ ಅಡಿಗೆಮನೆಯಲ್ಲಿ ಕೂತಿದ್ದೆ. ಮುಂದೆ ಬಿಸಿ ಜೋಳದ ರೊಟ್ಟಿ, ಬೆಣ್ಣೆ, ರಾಜಗಿರಿ ಪಲ್ಯ, ಹುರಿದ ಶೇಂಗಾ, ಒಂದು ಚೂರು ಬೆಲ್ಲ. ಕಾಕಾ ಕೂರಲಿಲ್ಲ. ಎದುರು ನಿಂತು ನನ್ನ ಕೈಯನ್ನೇ ನೋಡುತ್ತಿದ್ದರು. ಉಣ್ಣುವವರ ಮುಖ ನೋಡಿದರೆ ಅವರು ನಾಚಿಕೊಂಡು ಕಡಿಮೆ ತಿನ್ನುತ್ತಾರಂತೆ, ಕೈ ನೋಡಿದರೆ ಹೆದರಿ ತಿನ್ನುತ್ತಾರಂತೆ. ನಾನು ಎರಡು ರೊಟ್ಟಿ ತಿಂದೆ. ವಾಂತಿ ಬರುವ ಮುಂಚೆಯೇ ಶುಂಠಿ ಹಾಕಿ ಕುದಿಸಿದ ಚಹಾ ಬಂತು, ಚಹಾದ ಜೊತೆ ಡಾಕ್ಟರಮ್ಮನ ಮಾತ್ರೆಯೂ ಬಂತು. ಎಲ್ಲವೂ ಒಳಗೇ ನಿಂತಿತು. ನಾಲ್ಕು ತಿಂಗಳಲ್ಲಿ ಮೊದಲ ಸಲ ನಿಂತದ್ದು.

ಕಾಕುವಿಗೆ ಹಿಡಿಸಲಾರದಷ್ಟು ಸಂತೋಷವಾಯಿತು. ಅದು ನನ್ನ ಸಲುವಾಗಿ ಎಂದು ನಾನು ತಿಳಿದಿದ್ದೆ.

"ನಮ್ಮವ್ವ, ನೀ ಬಂದಿ, ನಾ ಬದುಕಿದೆ," ಎಂದರು ಕಾಕು. "ರಿಟೈರ್ ಆದಾಗಿಂದ ಈ ಮನುಷ್ಯಾ ನನ್ನನ್ನ ಡ್ರೈವರ್ ಮಾಡ್ಯಾರ. ತಿನ್ನು, ತಿನ್ನು, ತಿನ್ನು. ನಾ ಎಲ್ಲಿಗೆ ಗಾಡಿ ಹೊಡಕೊಂಡು ಹೋಗಬೇಕು ಹೇಳು?"

ಮರುದಿನದಿಂದ ನನ್ನ ಊಟದ ಪೂರ್ತಿ ಅಧಿಕಾರ ಕೆಳಗಿನ ಮನೆಗೆ ಹೋಯಿತು. ಮೊದಲನೆಯ ತಕರಾರು ಬಂದದ್ದು ನಮ್ಮ ಮನೆತನದಿಂದ. ಕಾಲು ಸೂಪು, ಕೈಮಾ, ಕಡೇಪಕ್ಷ ಎರಡು ಮೊಟ್ಟೆ ಎಂದು ಕಾಕಾ ಪಟ್ಟಿ ಹೇಳಿದರು. ನಮ್ಮಲ್ಲಿ ಮೊಟ್ಟೆಯನ್ನೂ ಮುಟ್ಟುವುದಿಲ್ಲ ಎಂದಾಗ ನಮ್ಮವರ ಮುಖವನ್ನು ದಿಟ್ಟಿಸಿ, "ಅರ್ಧ ಸಾಮಾನು ಕಸಗೊಂಡು ರಿಪೇರಿ ಮಾಡು ಅಂತೀರಿ. ಆಗ್ಲಿ," ಎಂದು ನುಗ್ಗೆಸೊಪ್ಪು ತರಲು ಹೊರಟರು. ಆಮೇಲೆ ನುಗ್ಗೆ, ಮೆಂತೆ, ರಾಜಗಿರಿ, ಪುಂಡಿ ಸೊಪ್ಪುಗಳು ಸರದಿಯ ಮೇಲೆ ಬಂದವು. ಮಡಕೆ ಕಾಳು, ಹೆಸರುಕಾಳು ಮೊಳಕೆ ಬಂದವು. ಸಂಜೆಗೆ ಎಳ್ಳುಂಡಿ.

ಎರಡನೆಯ ತಕರಾರು ಮೊಸರಿನದು. ನನಗೆ ಬಯಕೆ ಎಂದು ಇದ್ದದ್ದು ಒಂದೇ, ಬೆಳಿಗ್ಗೆ ತಣ್ಣನೆ ಮೊಸರನ್ನ. ಕಾಕಾ ಕೇಳಲೇ ಇಲ್ಲ. ಡ್ಯೂಟಿಗೆ ಹೊರಟವರಿಗೆ ಮೊಸರು ಕೊಟ್ಟರೆ ಕಣ್ಣು ಮುಚ್ಚುತ್ತದೆ, ಕಣ್ಣು ಮುಚ್ಚಿದರೆ ಸಿಗ್ನಲ್ ತಪ್ಪುತ್ತದೆ.

"ಕಾಕಾ, ನಾ ಕಂಪ್ಯೂಟರ್ ಮುಂದ ಕುಂದ್ರಾಕಿರಿ. ನನಗ್ಯಾವ ಸಿಗ್ನಲ್ ಐತ್ರಿ?"

"ನೀ ಒಬ್ಬಾಕಿನ ಕುಂದರ್ತಿಯೇನು? ಒಳಗ ಪ್ಯಾಸೆಂಜರ್ ಐತಿ," ಎಂದರು. ಬಸುರಿಯ ಬಯಕೆ ತೀರಿಸದಿದ್ದರೆ ಮಗುವಿನ ಕಿವಿ ಸೋರುತ್ತದೆ ಎಂದು ಕಾಕು ವಾದಿಸಿದರು. ಕಿವಿ ಆಮೇಲೆ ನೋಡೋಣ, ಮೊದಲು ಕೂಸು ಬರಲಿ ಎಂದು ಕಾಕಾ ಪಿಸುಗುಟ್ಟಿದರು. ನಾನು ಭಾನುವಾರ ಮಾತ್ರ ಮೊಸರನ್ನ ಉಂಡೆ.

ಆಫೀಸಿಗೆ ನಾಲ್ಕು ಅಂತಸ್ತಿನ ಡಬ್ಬಿ ಬರತೊಡಗಿತು. ಸಂಜೆ ಅದು ಖಾಲಿಯಾಗಿ ಮರಳುತ್ತಿತ್ತು. ಕಾಕಾ ಅದನ್ನು ಅಂಗೈಯಲ್ಲಿ ತೂಗಿ ನೋಡಿ, ಹುಡುಗಿ ದಾರಿಗೆ ಬಂದಳು ಎಂದು ಕಾಕುವಿಗೆ ಹೇಳುತ್ತಿದ್ದರು. ನಿಜ ಬೇರೆಯಿತ್ತು. ಬೆಳಿಗ್ಗೆ, ರಾತ್ರಿ ಅವರೆದುರು ಹೇಗೋ ತಿನ್ನುತ್ತಿದ್ದೆ. ಮಧ್ಯಾಹ್ನ ಆಫೀಸಿನ ಕ್ಯಾಂಟೀನಿನಲ್ಲಿ ಹತ್ತು ಬಗೆಯ ವಾಸನೆಯ ನಡುವೆ ಡಬ್ಬಿ ತೆರೆದರೆ ಒಂದು ತುತ್ತೂ ಇಳಿಯುತ್ತಿರಲಿಲ್ಲ. ಮುಚ್ಚಳ ತೆಗೆದು ಪಕ್ಕಕ್ಕೆ ಸರಿಸುತ್ತಿದ್ದೆ, ನಮ್ಮ ಟೀಮಿನ ಐದು ಜನ ಅದನ್ನು ತೊಳೆದಿಟ್ಟಷ್ಟು ಚೊಕ್ಕ ಮಾಡುತ್ತಿದ್ದರು. ನಾನು ಬ್ರೆಡ್ ಕಚ್ಚುತ್ತಿದ್ದೆ.

ಮೂರನೆಯ ವಾರ ಒಂದು ದಿನ ಡಬ್ಬಿ ಮರೆತು ಹೋದೆ. ಹನ್ನೆರಡು ಗಂಟೆಗೆ ರಿಸೆಪ್ಷನ್‌ನಿಂದ ಫೋನ್ ಬಂತು. ಕಾಕಾ ಎರಡು ಸಿಟಿ ಬಸ್ಸು ಬದಲಿಸಿ ಬಂದಿದ್ದರು. ಗೇಟಿನವನು ಗುರುತಿನ ಚೀಟಿ ಕೇಳಿದಾಗ ತಮ್ಮ ರೈಲ್ವೆ ಪಾಸ್ ತೋರಿಸಿದರಂತೆ. ಇದು ಇಲ್ಲಿ ನಡೆಯುವುದಿಲ್ಲ ಎಂದು ಅವನು ಹಿಂದಿಯಲ್ಲಿ ಹೇಳಿದನಂತೆ. ಇಡೀ ಹಿಂದೂಸ್ತಾನದಲ್ಲಿ ನಡೆಯುವ ಪಾಸು ನಿನ್ನ ಒಂದು ಗೇಟಿನಲ್ಲಿ ನಡೆಯುವುದಿಲ್ಲವೇ ಎಂದು ಇವರೂ ಹಿಂದಿಯಲ್ಲೇ ಪಿಸುಗುಟ್ಟಿದ್ದಾರೆ. ಅವನು ಏನೆಂದು ಮೂರು ಸಲ ಕೇಳಿ, ಸಾಕಾಗಿ ಒಳಗೆ ಬಿಟ್ಟ.

ನಾನು ಇಳಿದು ಬರುವಾಗ ನನ್ನ ಟೀಮ್ ಲೀಡ್ ಜೊತೆಗಿದ್ದ. ಗುಂಟೂರಿನವನು, ಊಟದ ವಿಷಯದಲ್ಲಿ ಬಹಳ ಭಾವುಕ. ಡಬ್ಬಿ ಕಂಡದ್ದೇ ಕಾಕಾನ ಎರಡೂ ಕೈ ಹಿಡಿದುಕೊಂಡ.

"ಮೀರೇನಾ ಅಂಕುಲ್? ಆ ಗೋಂಗೂರ ಮೀರು ಚೇಸಿಂದೇನಾ?"

ಆ ಗೋಂಗೂರ ಮಾಡಿದವರು ನೀವೇನಾ ಎಂದು ಕೇಳುತ್ತಿದ್ದ; ನಮ್ಮ ಪುಂಡಿ ಪಲ್ಯವೇ ಅವರ ಗೋಂಗೂರ. ರೊಟ್ಟಿ, ಕಾಳು, ಎಳ್ಳುಂಡಿ, ಒಂದೊಂದನ್ನೂ ಹೆಸರು ಹೇಳಿ ಹೊಗಳಿದ. ಕಾಕಾ ತಾಳ್ಮೆಯಿಂದ ಪೂರ್ತಿ ಕೇಳಿಸಿಕೊಂಡರು. ಆಮೇಲೆ ನನ್ನ ಕಡೆ ತಿರುಗಿದರು.

"ನೀ ಏನು ತಿಂತಿ ತಂಗಿ?"

ಆ ಸಂಜೆ ಮೆಟ್ಟಿಲ ಮೇಲೆ ಕೂತು ಅವರಿಗೆ ಎಲ್ಲ ಹೇಳಿದೆ. ಹಿಂದಿನ ವರ್ಷ ಹೋದದ್ದನ್ನೂ ಹೇಳಿದೆ. ಆಗ ನಾನು ಆಸೆಯಿಂದ ತಿಂದಿದ್ದೆ, ಇದು ಮಗುವಿಗೆ ಎಂದುಕೊಂಡು ಒಂದೊಂದು ತುತ್ತು ತಿಂದಿದ್ದೆ, ಆದರೂ ಹೋಯಿತು. ಈ ಸಲ ಹಾಗೆ ತಿನ್ನಲು ನನಗೆ ಹೆದರಿಕೆ ಎಂದೆ. ಈ ಹೆದರಿಕೆಯನ್ನು ನಮ್ಮವರಿಗೂ ಹೇಳಿರಲಿಲ್ಲ.

ಕಾಕಾ ಟವೆಲ್ಲಿನಿಂದ ಮುಖ ಒರೆಸಿಕೊಂಡರು. "ಹೆದರಿಕಿ ಇರ್ಲಿ ತಂಗಿ. ಹೆದರಿಕಿ ಇದ್ದಾಂವ ಗಾಡಿ ಚೊಲೋ ಓಡಸ್ತಾನ. ಖಾಲಿ ಹೊಟ್ಟೀಲೆ ಹೆದರಬಾರದು ನೋಡು, ಅಷ್ಟ."

ಮರುದಿನ ಎರಡು ಡಬ್ಬಿ ಬಂದವು. ದೊಡ್ಡದಕ್ಕೆ ಕೆಂಪು ದಾರ, ಚಿಕ್ಕದಕ್ಕೆ ಬಿಳಿ ದಾರ. "ಕೆಂಪುದು ಸ್ಟಾಫಿಗೆ, ಬಿಳೀದು ನಿನಗ. ಅದಲುಬದಲು ಆದ್ರ ನಾ ಮತ್ತ ಬಸ್ ಹತ್ತಿ ಬರ್ತೀನಿ," ಎಂದರು. ಬರುವ ಅಗತ್ಯ ಬೀಳಲಿಲ್ಲ. ನಾನು ಬಿಳಿ ದಾರದ್ದನ್ನು ಮುಗಿಸದಿದ್ದರೆ ಕೆಂಪು ದಾರದ್ದು ನಿಂತುಹೋದೀತು ಎಂದು ಟೀಮ್ ಲೀಡ್‌ಗೆ ಅರ್ಥವಾಗಿತ್ತು. ನನ್ನನ್ನು ಕಿಟಕಿಯ ಪಕ್ಕ, ಗಾಳಿ ಬರುವಲ್ಲಿ ಕೂರಿಸಿ, ಎದುರು ನಿಂತು ಕಾವಲು ಕಾಯುತ್ತಿದ್ದ. ನನ್ನ ಕೋಡಿನಲ್ಲಿ ತಪ್ಪು ಹುಡುಕುವಾಗಲೂ ಅವನು ಅಷ್ಟು ಕಟ್ಟುನಿಟ್ಟಾಗಿರಲಿಲ್ಲ.

ಐದು ವಾರವಾಯಿತು. ಕೆನ್ನೆಗೆ ಬಣ್ಣ ಬಂದಿದೆ ಎಂದು ಕಾಕು ಹೇಳಿದರು. ನಮ್ಮವರಿಗೆ ರಜೆ ಸಿಗದ್ದರಿಂದ ಕಾಕಾ ನನ್ನ ಜೊತೆ ಪರೀಕ್ಷೆಗೆ ಬಂದರು. ಇಸ್ತ್ರಿ ಮಾಡಿದ ಅಂಗಿ ತೊಟ್ಟಿದ್ದರು. ಡಾಕ್ಟರಮ್ಮ ಚೀಟಿ ನೋಡಿದರು. ರಕ್ತ ಇದ್ದಲ್ಲೇ ಇತ್ತು.

ಡಾಕ್ಟರಮ್ಮ ದಿನವಿಡೀ ಏನು ತಿನ್ನುತ್ತೀ ಎಂದು ಕೇಳಿದರು. ಕಾಕಾ ಬಾಗಿಲಲ್ಲೇ ನಿಂತು, ಬೆಳಿಗ್ಗೆಯಿಂದ ರಾತ್ರಿಯವರೆಗಿನ ಪಟ್ಟಿಯನ್ನು ತೆಲುಗಿನಲ್ಲಿ ಒಪ್ಪಿಸಿದರು. ಡಾಕ್ಟರಮ್ಮನಿಗೆ ಆಶ್ಚರ್ಯವಾಯಿತು. ಇಷ್ಟು ತಿಂದೂ ಏರದೆ ಇರಲು ಹೇಗೆ ಸಾಧ್ಯ ಎಂದುಕೊಂಡು ಕೊನೆಗೆ ಕೇಳಿದರು.

"ಮಾತ್ರ ದೇನಿತೋ ವೇಸುಕುಂಟುನ್ನಾವಮ್ಮಾ?"

ಮಾತ್ರೆ ಯಾವುದರ ಜೊತೆ ಎಂಬ ಪ್ರಶ್ನೆ. ಉತ್ತರವನ್ನು ಕಾಕಾ ಹೆಮ್ಮೆಯಿಂದ ಕೊಟ್ಟರು: ಚಹಾದ ಜೊತೆ. ಬರಿಯ ಚಹಾ ಅಲ್ಲ, ಹಾಲು ಹಾಕಿ ಗಟ್ಟಿಯಾಗಿ ಕುದಿಸಿದ್ದು, ಪ್ರತಿ ಊಟ ಮುಗಿದ ಕೂಡಲೇ, ತಪ್ಪದೆ. ತಮ್ಮ ಕೈಯಿಂದ ಉಂಡ ಒಬ್ಬ ಡ್ರೈವರನನ್ನೂ ಮೂವತ್ತು ವರ್ಷದಲ್ಲಿ ಚಹಾ ಇಲ್ಲದೆ ಕಳಿಸಿದವರಲ್ಲ ಅವರು.

ಡಾಕ್ಟರಮ್ಮ ಹಣೆ ಹಿಡಿದುಕೊಂಡರು. ಊಟದ ಜೊತೆ, ಮಾತ್ರೆಯ ಜೊತೆ ಚಹಾ ಕುಡಿದರೆ ಸೊಪ್ಪಿನ ಕಬ್ಬಿಣವೂ ಮಾತ್ರೆಯ ಕಬ್ಬಿಣವೂ ಮೈಗೆ ಹತ್ತುವುದಿಲ್ಲ ಎಂದು ವಿವರಿಸಿದರು. ನಿಂಬೆಹಣ್ಣಿನ ನೀರಿನ ಜೊತೆ ಮಾತ್ರೆ ತಗೋ, ಚಹಾ ಬಿಡು, ಹಾಲು ಮೊಸರು ಬೇಕು, ಆದರೆ ಮಾತ್ರೆಯ ಹೊತ್ತಿಗೆ ಬೇಡ, ಇನ್ನೊಂದು ತಿಂಗಳು ನೋಡುತ್ತೇನೆ, ಅದಕ್ಕಿಂತ ಹೆಚ್ಚು ಕಾಯುವುದಿಲ್ಲ ಎಂದರು.

ಆಟೋ ಹಿಡಿದು ಮನೆಗೆ ಹೊರಟೆವು. ರೈಲ್ವೆ ಗೇಟಿನ ಹತ್ತಿರ ಆಟೋ ನಿಂತಾಗ, "ಐದು ವಾರ ಬ್ರೇಕ್ ಹಿಡಕೊಂಡು ಎಂಜಿನ್ ಎಳಿಸೀನಿ," ಎಂದರು ಕಾಕಾ. ನನಗೂ ಸಿಟ್ಟು ಬಂದಿತ್ತು, ಯಾರ ಮೇಲೆ ಎಂದು ತಿಳಿಯಲಿಲ್ಲ. ಚಹಾ ಇಲ್ಲದಿದ್ದರೆ ಆ ಊಟ ನನ್ನ ಹೊಟ್ಟೆಯಲ್ಲಿ ನಿಲ್ಲುತ್ತಲೂ ಇರಲಿಲ್ಲ. ಮನೆಯ ಮುಂದೆ ಇಳಿಯುವಾಗ ಅವರ ಮುಖ ಸ್ವಲ್ಪ ತಿಳಿಯಾಯಿತು. "ಆದ್ರ ಮುಂಜಾನಿ ಮಸರಿನ ವಿಷಯ ನಾ ಹೇಳಿದ್ದ ಖರೆ ಆತಲ್ಲ," ಎಂದರು. ಡಾಕ್ಟರಮ್ಮ ಸಿಗ್ನಲ್ಲಿನ ಮಾತು ಆಡಿರಲಿಲ್ಲ, ಆದರೂ ನಾನು ಹೌದೆಂದೆ.

ಅಂದೇ ಚಹಾದ ಪಾತ್ರೆ, ಸೋಸುವ ಜಾಲರಿ, ಪುಡಿಯ ಡಬ್ಬಿ ತೊಳೆದು ಒರೆಸಿ ಅಟ್ಟಕ್ಕೆ ಹೋದವು. ಹೆರಿಗೆಯಾಗುವವರೆಗೆ ಈ ಮನೆಯಲ್ಲಿ ಚಹಾದ ವಾಸನೆ ಬರಬಾರದು ಎಂದು ಅಪ್ಪಣೆಯಾಯಿತು. ಕಾಕಾ ಸ್ವತಃ ಬಿಟ್ಟರು. ಎಂಟು ದಿನ ತಲೆನೋವಿಗೆ ಟವೆಲ್ ಬಿಗಿದುಕೊಂಡು, ಕಣ್ಣು ಕೆಂಪಗೆ ಮಾಡಿಕೊಂಡು, ಶುಂಠಿ ಹಾಕಿದ ನೀರಿಗೆ ನಿಂಬೆಹಣ್ಣು ಹಿಂಡಿದರು. ಮಿಕ್ಕವರು ಅಷ್ಟು ಗಟ್ಟಿ ಇರಲಿಲ್ಲ. ಒಂದು ಸಂಜೆ ನಮ್ಮವರು ಸ್ಟೇಷನ್ ರಸ್ತೆಯ ಇರಾನಿ ಹೋಟೆಲಿನಲ್ಲಿ ಕದ್ದು ಚಹಾ ಕುಡಿಯಲು ಹೋದರೆ, ಮೂಲೆಯ ಮೇಜಿನಲ್ಲಿ ಕಾಕು ಸಾಸರಿಗೆ ಸುರಿದುಕೊಂಡು ಕೂತಿದ್ದರಂತೆ. ಇಬ್ಬರೂ ಒಬ್ಬರನ್ನೊಬ್ಬರು ನೋಡಿಲ್ಲವೆಂದು ಒಪ್ಪಂದ ಮಾಡಿಕೊಂಡು, ಆಮೇಲೆ ಜೊತೆಯಲ್ಲೇ ಹೋಗತೊಡಗಿದರು.

ಆ ತಿಂಗಳು ನಾನು ಆಸೆಯಿಂದಲೇ ಉಂಡೆ. ಹೆದರಿಕೆಯೂ ಇತ್ತು, ಎರಡೂ ಒಟ್ಟಿಗೆ ನಡೆದವು. ತಿಂಗಳ ಕೊನೆಗೆ ರಕ್ತ ಹತ್ತು ದಾಟಿತ್ತು, ಮಗುವೂ ಬೆಳೆದಿತ್ತು. ಡಾಕ್ಟರಮ್ಮ ಚೀಟಿಯನ್ನು ನನಗಿಂತ ಮೊದಲು ಬಾಗಿಲ ಕಡೆ ಹಿಡಿದು ತೋರಿಸಿ, ನೀವು ಈ ಹುಡುಗಿಯ ತಂದೆಯೇ ಎಂದು ಕೇಳಿದರು.

"ಕಾದಮ್ಮಾ," ಎಂದರು ಕಾಕಾ, "ವಂಟವಾಣ್ಣಿ." ಅಲ್ಲ ತಾಯಿ, ಅಡಿಗೆಯವ.

ಎಂಟನೆಯ ತಿಂಗಳಿಗೆ ಅವ್ವ ಬಂದಳು. ಬಂದ ದಿನವೇ ಗಂಡಸೊಬ್ಬ ತನ್ನ ಮಗಳಿಗೆ ಬಸುರಿ ಊಟ ಹಾಕುತ್ತಿರುವುದನ್ನು ಕಂಡು ದಂಗಾದಳು, ಆಮೇಲೆ ಹಟಕ್ಕೆ ಬಿದ್ದಳು. ಅವಳ ಎಣ್ಣೆಗಾಯಿಗೆ ಅವರ ನುಗ್ಗೆಸೊಪ್ಪು, ಅವರ ಕಾಳಿಗೆ ಅವಳ ಹೋಳಿಗೆ. ನಾನು ಮೇಲಿನ ಮನೆಯಲ್ಲೊಮ್ಮೆ, ಕೆಳಗಿನ ಮನೆಯಲ್ಲೊಮ್ಮೆ ಉಣ್ಣುತ್ತ ದಿನ ತುಂಬಿದೆ.

ಮಗಳು ಹುಟ್ಟಿದ ಮರುದಿನ ಮಧ್ಯಾಹ್ನ ಕಾಕಾ ಆಸ್ಪತ್ರೆಗೆ ಬಂದರು. ಎಷ್ಟು ತೂಕ ಎಂದು ಮೊದಲು ಕೇಳಿದರು. ಎರಡೂ ಮುಕ್ಕಾಲು ಕಿಲೋ ಎಂದೆ. ಅವ್ವ, "ಎತ್ಕೋರಿ," ಎಂದಳು. ಅವರು ಕೈ ಒರೆಸಿಕೊಂಡರು, ಇನ್ನೊಮ್ಮೆ ಒರೆಸಿಕೊಂಡರು, ಆದರೆ ಎತ್ತಿಕೊಳ್ಳಲಿಲ್ಲ. ತೊಟ್ಟಿಲ ಪಕ್ಕ ನಿಂತು ಬಹಳ ಹೊತ್ತು ನೋಡಿದರು.

"ಮೂವತ್ತು ವರ್ಷ ಉಣ್ಣಿಸಿ ಕಳಿಸೀನಿ ತಂಗಿ," ಎಂದರು ಅದೇ ಸಣ್ಣ ದನಿಯಲ್ಲಿ. "ಉಂಡಾಂವ ಎದ್ದು ಹ್ವಾದ ಅಂದ್ರ ನನ್ನ ಕೆಲಸ ಮುಗೀತು. ಊರು ಮುಟ್ಟಿದ್ನೋ, ಮಕ್ಕಳ ಮಾರಿ ನೋಡಿದ್ನೋ, ಒಬ್ಬರೂ ತಿರುಗಿ ಬಂದು ಹೇಳಲಿಲ್ಲ. ಹೇಳೂದು ಅವರ ಡ್ಯೂಟಿನೂ ಅಲ್ಲ ಬಿಡು." ಬಗ್ಗಿ ಮಗುವಿನ ಹೊದಿಕೆ ಸರಿಮಾಡಿದರು. "ಇಕಿ ಒಬ್ಬಾಕಿ ನನ್ನ ಕಣ್ಣ ಮುಂದ ಬಂದು ಮುಟ್ಟಿದ್ಲು."

ನನಗೆ ಅಳು ಬಂತು. ಹಿಂದಿನ ವರ್ಷ ಅಳದೆ ಇಟ್ಟುಕೊಂಡದ್ದೂ ಸೇರಿ ಬಂತು, ತಡೆಯಲಿಲ್ಲ. ಕಾಕಾ ಗಾಬರಿಯಾಗಿ ನನ್ನ ಕಡೆ ನೋಡಿದರು, ತೊಟ್ಟಿಲ ಕಡೆ ನೋಡಿದರು, ಏನು ಮಾಡಬೇಕೋ ತಿಳಿಯದೆ ಅವ್ವನ ಕಡೆ ತಿರುಗಿದರು.

"ತಂಗಿ ಅಳಾಕತ್ತಾಳ್ರಿ," ಎಂದರು. "ಏನರೆ ತಿನ್ನಾಕ ಕೊಡ್ರಿ ಮೊದಲ."